ಗೆರೆಯೆಳೆದು ಕಲಿಸುವ ಗಣಿತ

ಮಕ್ಕಳ ವಿದ್ಯಾಭ್ಯಾಸದಲ್ಲಿ ತಾಯಿತಂದೆಗಳನ್ನು ಎಲ್ಲಕ್ಕೂ ಹೆಚ್ಚಾಗಿ ಕಾಡುವ ವಿಷಯವು ಗಣಿತವೇ ಎಂದರೆ ತಪ್ಪಾಗಲಾರದು. ಗದಗ-ಬೆಟಗೇರಿಯ ಪೇಟೆಯ ಮನೆಯಿರಲಿ, ಮುಂಡರಗಿಯ ಕಡೆಯ ಒಕ್ಕಲುತನದ ಮನೆಯಿರಲಿ, ಸಂಜೆ ಪುಸ್ತಕ ತೆರೆದು ಕುಳಿತ ಹುಡುಗನು ಮಗ್ಗಿಯನ್ನು ತಡವರಿಸದೆ ಒಪ್ಪಿಸುವನು. ಕೂಡುವ ಕಳೆಯುವ ಲೆಕ್ಕಗಳನ್ನು ಬೇಗಬೇಗನೆ ಮುಗಿಸುವನು. ಆದರೆ ಅದೇ ಲೆಕ್ಕವನ್ನು ಮಾತಿನಲ್ಲಿ ಕೇಳಿದೊಡನೆ, "ಇದನ್ನು ಕೂಡಿಸಬೇಕೋ ಕಳೆಯಬೇಕೋ?" ಎಂದು ದೊಡ್ಡವರ ಮುಖವನ್ನು ನೋಡುವನು. ಲೆಕ್ಕ ಮಾಡುವ ಕೈ ಪಳಗಿದೆ, ಲೆಕ್ಕವನ್ನು ಕಾಣುವ ಕಣ್ಣು ಇನ್ನೂ ತೆರೆದಿಲ್ಲ ಎಂಬುದೇ ಇದರ ಅರ್ಥ. ಆ ಕಣ್ಣನ್ನು ತೆರೆಯಿಸಲು ಮನೆಯಲ್ಲಿ ಒಂದು ಪಾಟಿ, ಒಂದು ಬಳಪ, ನಾಲ್ಕು ಗೆರೆ ಇವಿಷ್ಟೇ ಸಾಕೆಂಬುದನ್ನು ಇಲ್ಲಿ ತಿಳಿಸಲೆಳಸುತ್ತೇವೆ.

ಮೊದಲು ಸಮಚಿಹ್ನೆಯನ್ನೇ ನೋಡೋಣ. ವೇಲ್ಸ್ ದೇಶದವನಾದ ರಾಬರ್ಟ್ ರೆಕಾರ್ಡನು 1557ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಈ ಚಿಹ್ನೆಯನ್ನು ಬಳಕೆಗೆ ತಂದನು. ಸಮಾನಾಂತರವಾಗಿರುವ ಒಂದೇ ಉದ್ದದ ಎರಡು ಗೆರೆಗಳಿಗಿಂತ ಹೆಚ್ಚು ಸಮವಾದ ಎರಡು ವಸ್ತುಗಳಿರಲಾರವೆಂಬುದು ಅವನು ಕೊಟ್ಟ ಕಾರಣ. ಅಂದ ಮೇಲೆ ಸಮಚಿಹ್ನೆಯೇ ಒಂದು ಚಿತ್ರವಾಯಿತು! ನಮ್ಮ ಮಕ್ಕಳು ಮಾತ್ರ ಅದನ್ನು ಚಿತ್ರವೆಂದು ನೋಡದೆ, "ಮುಂದೆ ಉತ್ತರ ಬರೆ" ಎಂಬ ಅಪ್ಪಣೆಯೆಂದು ತಿಳಿದಿರುತ್ತಾರೆ. 8 + 4 = □ + 5 ಎಂದು ಬರೆದು, ಚೌಕದಲ್ಲಿ ಏನಿರಬೇಕೆಂದು ಕೇಳಿ ನೋಡಿರಿ. ಅನೇಕ ಮಕ್ಕಳು 12 ಎನ್ನುವರು. ಕೆಲವರು ಎಲ್ಲವನ್ನೂ ಕೂಡಿಸಿ 17 ಎನ್ನುವರು.

ಆಗ ಬೈಯದೆ ಪಾಟಿಯ ಮೇಲೆ ಉದ್ದವಾದ ಒಂದು ಪಟ್ಟಿಯನ್ನು ಬರೆಯಿಸಬೇಕು. ಅದರ ಒಂದು ಭಾಗದಲ್ಲಿ 8, ಉಳಿದ ಭಾಗದಲ್ಲಿ 4. ಅದರ ಕೆಳಗೆ ಅಷ್ಟೇ ಉದ್ದದ ಇನ್ನೊಂದು ಪಟ್ಟಿ. ಅದರ ಬಲತುದಿಯಲ್ಲಿ 5 ಎಂದು ಗುರುತು ಮಾಡಿದರೆ ಎಡಕ್ಕೆ ಉಳಿದುದೇ ಚೌಕ. ಮೇಲಿನದು ಒಟ್ಟು 12. ಕೆಳಗಿನದೂ 12 ಆಗಲೇಬೇಕು. ಆದುದರಿಂದ ಚೌಕವು 7. ಸಮೀಕರಣವೆಂದರೆ ಸರಿದೂಗುವ ಎರಡು ಪಟ್ಟಿಗಳು ಎಂಬ ಮಾತನ್ನು ನಾವು ಹೇಳುವ ಮೊದಲೇ ಮಗುವು ಕಂಡುಕೊಳ್ಳುವದು.

ಈಗ ಮಾತಿನ ಲೆಕ್ಕ. "ಶಿರಹಟ್ಟಿಯ ಒಬ್ಬ ರೈತನಿಗೆ 35 ಚೀಲ ಶೇಂಗಾ ಬೆಳೆಯಿತು. ಇದು ಅವನ ತಮ್ಮನ ಬೆಳೆಗಿಂತ 8 ಚೀಲ ಹೆಚ್ಚು. ತಮ್ಮನಿಗೆ ಬೆಳೆದುದೆಷ್ಟು?" 'ಹೆಚ್ಚು' ಎಂಬ ಶಬ್ದ ಕಿವಿಗೆ ಬಿದ್ದುದೇ ತಡ, ಮಗುವು 35ಕ್ಕೆ 8 ಕೂಡಿಸಿ 43 ಎನ್ನುವದು. ಅಣ್ಣನ ಪಟ್ಟಿಯನ್ನು ಮೇಲೆ, ತಮ್ಮನ ಪಟ್ಟಿಯನ್ನು ಕೆಳಗೆ ಬರೆಯಿಸಿರಿ. ಯಾರದು ಉದ್ದ? ಅಣ್ಣನದು. ಎಷ್ಟು ಉದ್ದ? 8 ಚೀಲದಷ್ಟು. ಅಣ್ಣನ ಪಟ್ಟಿಯ ತುದಿಯಲ್ಲಿ ಚಾಚಿಕೊಂಡಿರುವ ಆ 8ನ್ನು ಬಿಟ್ಟರೆ ಉಳಿದುದು ತಮ್ಮನ ಪಟ್ಟಿಗೆ ಸಮ. ತಮ್ಮನ ಚೀಲ + 8 = 35; ತಮ್ಮನದು 27. ಶಬ್ದವು ತಪ್ಪುದಾರಿಗೆಳೆದ ಮಗುವನ್ನು ಗೆರೆಯು ಸರಿದಾರಿಗೆ ತಂದಿತು.

ಇನ್ನೊಂದು ಮೆಟ್ಟಿಲು ಮೇಲೇರೋಣ. ಬೆಟಗೇರಿಯ ನೇಕಾರನೊಬ್ಬನು ಒಂದೇ ಬೆಲೆಯ ಮೂರು ಸೀರೆಗಳನ್ನೂ 400 ರೂಪಾಯಿಯ ಒಂದು ವಸ್ತ್ರವನ್ನೂ ಮಾರಿದನು, ಬಂದ ಹಣ 2,800 ರೂಪಾಯಿ, ಒಂದು ಸೀರೆಗೆಷ್ಟು? ಒಂದು ಪಟ್ಟಿಯಲ್ಲಿ ಮೂರು ಸಮಭಾಗಗಳು, ಕೊನೆಗೆ 400ರ ಒಂದು ತುಂಡು. ಅದರ ಕೆಳಗೆ 2,800ರ ಪಟ್ಟಿ. ಎರಡರಿಂದಲೂ 400ನ್ನು ಕತ್ತರಿಸಿದರೆ ಮೂರು ಭಾಗಗಳಿಗೆ 2,400, ಒಂದಕ್ಕೆ 800. ಇಷ್ಟಾದ ಮೇಲೆ ಸೀರೆಯ ಬೆಲೆಗೆ 'ಯ' ಎಂದು ಹೆಸರಿಟ್ಟು 3ಯ + 400 = 2,800 ಎಂದು ಬರೆದು ತೋರಿಸಿರಿ. ಹುಡುಗನಿಗೆ ಆ ಅಕ್ಷರವು ಭೂತವಾಗಿ ಕಾಣಿಸದು. ತಾನೇ ಬರೆದ ಪಟ್ಟಿಯ ತುಂಡಿನ ಹೆಸರಾಗಿ ಕಾಣಿಸುವದು.

ಈ ಪದ್ಧತಿಯು ಹೊರಗಿನಿಂದ ಬಂದುದೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಸಿಂಗಪುರದ ಪ್ರಾಥಮಿಕ ಶಾಲೆಗಳಲ್ಲಿ 1980ರ ದಶಕದಿಂದ ಇಂಥ ಪಟ್ಟಿಗಳನ್ನು ಬರೆಯಿಸಿ ಗಣಿತ ಕಲಿಸುತ್ತಿರುವದು ಜಗತ್ತಿಗೆಲ್ಲ ತಿಳಿದ ಸಂಗತಿ. ಆದರೆ ನಮ್ಮ ಪ್ರಾಚೀನ ಗಣಿತಜ್ಞರೂ ಸಮೀಕರಣದ ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಸಾಲಾಗಿ ಬರೆಯುತ್ತಿದ್ದರು. 12ನೆಯ ಶತಮಾನದ ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಮೊದಲನೆಯ ಅವ್ಯಕ್ತಕ್ಕೆ 'ಯಾವತ್ತಾವತ್' ಎಂದು ಹೆಸರು. ಅವ್ಯಕ್ತಗಳು ಹೆಚ್ಚಾದರೆ ಕಾಲಕ, ನೀಲಕ ಮುಂತಾದ ಬಣ್ಣಗಳ ಹೆಸರು. ರಂಗೋಲಿಯ ಬಣ್ಣದ ಪುಡಿಗಳಿರುವ ಮನೆಯಲ್ಲಿ ಕರಿಯ ತುಂಡು, ನೀಲಿಯ ತುಂಡು ಎಂದು ತೋರಿಸುವದು ಕಷ್ಟವೇ?

ನಮ್ಮ ನಾಡಿಗೆ ಇನ್ನೂ ಸಮೀಪದ ಉದಾಹರಣೆಯೊಂದುಂಟು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಅದೇ ದೊರೆಯ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರವೂ ಒಂದು. ಮಹಾವೀರನ ಲೆಕ್ಕಗಳಲ್ಲೊಂದರ ಸಾರಾಂಶ ಹೀಗಿದೆ: ಒಂದು ಕಂಬದ ಎಂಟರಲ್ಲೊಂದು ಭಾಗ ನೆಲದಲ್ಲಿ ಹುಗಿದಿದೆ, ಮೂರರಲ್ಲೊಂದು ಭಾಗ ನೀರಿನಲ್ಲಿದೆ, ನಾಲ್ಕರಲ್ಲೊಂದು ಭಾಗ ಪಾಚಿಯಲ್ಲಿದೆ, 7 ಮೊಳ ಮೇಲೆ ಕಾಣುತ್ತದೆ, ಕಂಬದ ಉದ್ದವೆಷ್ಟು?

ಭಿನ್ನರಾಶಿಗಳೆಂದರೆ ಓಡುವ ಮಗುವನ್ನೂ ಈ ಕಂಬವು ಹಿಡಿದು ನಿಲ್ಲಿಸುವದು. ಚೌಕಗಳಿರುವ ಹಾಳೆಯಲ್ಲಿ 24 ಚೌಕಗಳ ಕಂಬವನ್ನು ನಿಲ್ಲಿಸಿರಿ. 24 ಏಕೆಂದರೆ ಅದನ್ನು 8, 3, 4 ಈ ಮೂರರಿಂದಲೂ ಶೇಷವಿಲ್ಲದೆ ಭಾಗಿಸಬಹುದು. ನೆಲದಲ್ಲಿ 3 ಚೌಕ, ನೀರಿನಲ್ಲಿ 8, ಪಾಚಿಯಲ್ಲಿ 6, ಒಟ್ಟು 17. ಉಳಿದುದು 7 ಚೌಕ, ಲೆಕ್ಕದಲ್ಲಿ ಹೇಳಿದ್ದು 7 ಮೊಳ. ಒಂದು ಚೌಕಕ್ಕೆ ಒಂದು ಮೊಳ. ಕಂಬದ ಉದ್ದ 24 ಮೊಳ. ಮೇಲೆ ಕಾಣುವದು 14 ಮೊಳವಾಗಿದ್ದರೆ ಏನಾಗುತ್ತಿತ್ತೆಂದು ಕೇಳಿರಿ. ಚಿತ್ರವನ್ನು ಅಳಿಸದೆಯೇ ಮಗುವು 48 ಎಂದು ಹೇಳುವದು.

ಕೆಲವು ಎಚ್ಚರಿಕೆಯ ಮಾತುಗಳು. ಚಿತ್ರವೆಂದರೆ ಅಲಂಕಾರವಲ್ಲ, ಶೇಂಗಾದ ಚೀಲಕ್ಕೆ ಬಾಯಿದಾರವನ್ನೂ ಗಾಡಿಗೆ ಎತ್ತನ್ನೂ ಬರೆಯುತ್ತ ಕುಳಿತರೆ ಲೆಕ್ಕವು ಹಿಂದೆ ಬೀಳುವದು. ಪಟ್ಟಿಯನ್ನು ಮಗುವೇ ಬರೆಯಬೇಕು. ದೊಡ್ಡವರು ಬರೆದುಕೊಟ್ಟುದು ಅವರ ಲೆಕ್ಕವೇ ಹೊರತು ಮಗುವಿನದಲ್ಲ. ಗೆರೆಯು ಅಳತೆಗೆ ಸರಿಯಾಗಿರಬೇಕೆಂಬ ಹಟ ಬೇಡ. ಯಾವುದು ದೊಡ್ಡದು, ಯಾವುದು ಸಮ ಎಂಬುದು ಕಂಡರೆ ಸಾಕು. ಸೊನ್ನೆಗಿಂತ ಕಡಿಮೆಯಾದ ಸಂಖ್ಯೆಗಳು ಬಂದಾಗ ಈ ಪಟ್ಟಿಗಳು ಸಾಲವು. ಅಲ್ಲಿ ಸೊನ್ನೆಯ ಎಡಬಲಕ್ಕೆ ಹರಿಯುವ ಸಂಖ್ಯಾರೇಖೆಯೇ ಬೇಕು. ಮಗುವು ಚಿತ್ರವಿಲ್ಲದೆಯೇ ಬಿಡಿಸತೊಡಗಿದರೆ ಸಂತೋಷಪಟ್ಟು ಸುಮ್ಮನಿರಬೇಕು.

"ಗಣಿತ ನನ್ನ ಹಣೆಯಲ್ಲಿ ಬರೆದಿಲ್ಲ" ಎಂಬ ಮಾತು ಎಳೆಯ ವಯಸ್ಸಿನಲ್ಲಿ ಒಮ್ಮೆ ಬಾಯಿಗೆ ಬಂದರೆ ಅದನ್ನು ಅಳಿಸುವದು ಬಲು ಕಷ್ಟ. ಮುಂದೆ ಹಿಡಿಯಬೇಕಾದ ಎಷ್ಟೋ ವಿದ್ಯೆಗಳ ಬಾಗಿಲು ಅಲ್ಲಿಯೇ ಮುಚ್ಚಿಬಿಡುವದು. ಹೆಣ್ಣುಮಕ್ಕಳ ಬಗ್ಗೆ ಇದನ್ನು ಮನೆಯವರೇ ಆಡಿಬಿಡುವದುಂಟು. ಬೀಜಗಣಿತವನ್ನು ಶಾಲೆಯಲ್ಲಿ ಕಲಿಯದ ತಾಯಿಯಾದರೂ ಮಗುವಿನ ಬಳಿ ಕುಳಿತು, "ಯಾವ ಪಟ್ಟಿ ಉದ್ದ? ಎಷ್ಟು ಉದ್ದ?" ಎಂದು ಕೇಳಬಲ್ಲಳು. ಈ ಎರಡು ಪ್ರಶ್ನೆಗಳಿಗಾಗಿ ದಿನಕ್ಕೆ ಕಾಲುಗಂಟೆ ಕೊಟ್ಟು ನೋಡಬೇಕೆಂದು ನಮ್ಮ ವಾಚಕರನ್ನು ಕೋರುತ್ತೇವೆ.