ಗಿಟಾರಿನ ಹೆಸರೂ ಗಿಟಾರಿನ ಗುಣವೂ

ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ, ಹೊರಡುವ ನಾದವನ್ನು ಆಲಿಸಿ, ಆಮೇಲೆ ಬೆಲೆಯ ಮಾತಿಗೆ ಬರುತ್ತಾರೆ. ಬಿರುಕು ಬಿಟ್ಟ ಮಡಕೆ ಕಣ್ಣನ್ನು ವಂಚಿಸಬಹುದು, ಕಿವಿಯನ್ನು ವಂಚಿಸಲಾರದು. ಇಷ್ಟು ವಿವೇಕವುಳ್ಳ ನಾವು ವಿದ್ಯುತ್ ಗಿಟಾರನ್ನು ಕೊಳ್ಳಹೊರಟಾಗ ಮಾತ್ರ ‘ಯಾವ ಮಾರ್ಕು ಒಳ್ಳೆಯದು?’ ಎಂದು ಕೇಳಿ, ವಾದ್ಯದ ತಲೆಯ ಮೇಲೆ ಬರೆದ ಹೆಸರನ್ನು ಓದಿ ತೃಪ್ತರಾಗುತ್ತೇವೆ. ಹೊಸದಾಗಿ ಕಲಿಯುವವರಿಗೆ ಇದು ಹಣದ ಪ್ರಶ್ನೆ ಮಾತ್ರವಲ್ಲ. ಶ್ರುತಿ ನಿಲ್ಲದ ವಾದ್ಯವನ್ನು ಹಿಡಿದವರು ತಮ್ಮ ಕಿವಿಯೇ ಸರಿಯಿಲ್ಲವೆಂದು ನಂಬಿ ಸಂಗೀತವನ್ನೇ ತೊರೆಯುವುದುಂಟು. ಆದುದರಿಂದ ಹೆಸರು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿಚಾರಿಸುವುದು ಯುಕ್ತ.

ಮೊದಲು ವಾದ್ಯದ ಕೆಲಸವನ್ನು ನೋಡೋಣ. ವೀಣೆಯಲ್ಲಿ ತಂತಿಯ ಕಂಪನವು ಕುದುರೆಯ ಮೂಲಕ ಕೊಡಕ್ಕಿಳಿದು, ಕೊಡದ ಹಲಗೆಯು ಗಾಳಿಯನ್ನು ಅಲುಗಿಸುವುದರಿಂದ ನಾದ ಹುಟ್ಟುತ್ತದೆ. ಗಟ್ಟಿಮರದ ವಿದ್ಯುತ್ ಗಿಟಾರಿಗೆ ಕೊಡವಿಲ್ಲ. ಅದರ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ, ಅದನ್ನು ಸುತ್ತಿದ ನವಿರಾದ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಕಂಪಿಸಿದಂತೆ ಸುರುಳಿಯ ಮೂಲಕ ಹಾಯುವ ಕಾಂತಬಲವು ಹೆಚ್ಚುಕಡಮೆಯಾಗಿ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು. ಈ ಕ್ಷೀಣ ವಿದ್ಯುತ್ತನ್ನು ಆಂಪ್ಲಿಫೈಯರ್ ಬಲಪಡಿಸುತ್ತದೆ. ಆದುದರಿಂದ ಕೊಡವುಳ್ಳ ವಾದ್ಯದಲ್ಲಿ ಮರಕ್ಕಿರುವಷ್ಟು ಪ್ರಾಧಾನ್ಯ ಇಲ್ಲಿ ಮರಕ್ಕಿಲ್ಲ. ತಂತಿ, ಮೆಟ್ಟಿಲು, ಕುದುರೆ, ಪಿಕಪ್ಪುಗಳೇ ಮುಖ್ಯ.

ಇವುಗಳಲ್ಲಿ ಮೆಟ್ಟಿಲುಗಳನ್ನು ಮೊದಲು ಪರಿಶೀಲಿಸಬೇಕು. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕುಳಿತಿರುತ್ತವೆ. ತಪ್ಪಿದ್ದರೆ ಮೇಣವನ್ನು ಕಾಯಿಸಿ ಸರಿಸಬಹುದು. ಗಿಟಾರಿನ ಮೆಟ್ಟಿಲುಗಳಾದರೋ ದಂಡಿಯಲ್ಲಿ ಕೊರೆದ ಸೀಳುಗಳಿಗೆ ಬಡಿದು ಕೂರಿಸಿದ ಲೋಹದ ಪಟ್ಟಿಗಳು. ಒಂದು ಸ್ಥಾಯಿಯನ್ನು 12 ಸಮಪಾಲು ಮಾಡಿದುದರಿಂದ ಒಂದೊಂದು ಮೆಟ್ಟಿಲಿಗೂ ಕಂಪನಸಂಖ್ಯೆ 1.0595ರಷ್ಟು ಪಟ್ಟು ಏರಬೇಕು. ತಂತಿಯ ಉದ್ದ 648 ಮಿಲಿಮೀಟರಾದರೆ ಮೊದಲ ಮೆಟ್ಟಿಲು ತಂತಿಯ ಮೇಲ್ತುದಿಯಿಂದ 36.4 ಮಿಲಿಮೀಟರಿನಲ್ಲಿಯೂ, 12ನೆಯದು ಸರಿಯಾಗಿ ಅರ್ಧದಲ್ಲಿ, ಅಂದರೆ 324ರಲ್ಲಿಯೂ ಇರಬೇಕು. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ, ಸೆಕೆಂಡಿಗೆ 330 ಕಂಪನಗಳಿರಬೇಕಾದ ಸ್ವರದಲ್ಲಿ ಸುಮಾರು ಒಂದು ಕಂಪನ ಹೆಚ್ಚೋ ಕಡಮೆಯೋ ಆಗುತ್ತದೆ. ಇಂತಹ ಸ್ವರವನ್ನು ಸರಿಯಾದ ಸ್ವರದೊಡನೆ ನುಡಿಸಿದರೆ ನಾದವು ಸೆಕೆಂಡಿಗೊಮ್ಮೆ ಏರಿ ಇಳಿದು ಅಲೆಯುವುದು ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಸಂತೋಷದ ಸಂಗತಿಯೆಂದರೆ, ಇಂದು ಕಂಪ್ಯೂಟರ್ ನಡೆಸುವ ಯಂತ್ರಗಳು ಸೀಳುಗಳನ್ನು ಕೊರೆಯುವುದರಿಂದ ಅಗ್ಗದ ಗಿಟಾರಿನಲ್ಲಿಯೂ ಮೆಟ್ಟಿಲಿನ ಸ್ಥಾನ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಅಗ್ಗದ ವಾದ್ಯಕ್ಕೂ ದುಬಾರಿ ವಾದ್ಯಕ್ಕೂ ಅಂತರ ಕಾಣುವುದು ಹೆಚ್ಚಾಗಿ ಕೈಗೆಲಸದಲ್ಲಿ. ಮೆಟ್ಟಿಲುಗಳ ನೆತ್ತಿಯನ್ನೆಲ್ಲ ಒಂದೇ ಮಟ್ಟಕ್ಕೆ ಉಜ್ಜುವುದಕ್ಕೂ, ತುದಿಗಳನ್ನು ನಯಗೊಳಿಸುವುದಕ್ಕೂ ವೇಳೆ ಹಿಡಿಯುತ್ತದೆ, ವೇಳೆಗೆ ಕೂಲಿ ತಗಲುತ್ತದೆ. ಅಂಗಡಿಯಲ್ಲಿ ಪರೀಕ್ಷಿಸಬೇಕಾದುದು ಇದನ್ನೇ. ಬಡಗಿಯು ಒಂದು ಕಣ್ಣು ಮುಚ್ಚಿ ಹಲಗೆಯ ಅಂಚನ್ನು ನೋಡುವಂತೆ ದಂಡಿಯ ಉದ್ದಕ್ಕೂ ನೋಡಬೇಕು. ಕೊಂಚ ಬಾಗಿದ್ದರೆ ಒಳಗಿನ ಉಕ್ಕಿನ ಸಲಾಕೆಯನ್ನು ತಿರುಗಿಸಿ ಸರಿಪಡಿಸಬಹುದು. ತಿರುಚಿಕೊಂಡಿದ್ದರೆ ಆ ವಾದ್ಯವನ್ನು ಬಿಡುವುದೇ ಲೇಸು. ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಮೆಟ್ಟಿಲಿನಲ್ಲಿ ಒತ್ತಿ ಮೀಟಬೇಕು. ಒಂದೆರಡು ಕಡೆ ಮಾತ್ರ ತಂತಿ ಝರ್ರೆಂದರೆ ಮುಂದಿನ ಮೆಟ್ಟಿಲು ಎತ್ತರವಾಗಿದೆಯೆಂದು ಊಹಿಸಬಹುದು. ದಂಡಿಯ ಅಂಚಿನ ಮೇಲೆ ಅಂಗೈಯನ್ನು ಸವರಿ ನೋಡಬೇಕು. ಒಣಹವೆಯಲ್ಲಿ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಮಂಗಳೂರಿನ ತೇವದಲ್ಲಿ ನಯವಾಗಿದ್ದ ಅಂಚು ಬಳ್ಳಾರಿಯ ಬೇಸಗೆಯಲ್ಲಿ ಕೈಗೆ ತರಚುವುದು ಇದರಿಂದಲೇ.

ಬಳಿಕ ಶ್ರುತಿಯ ಪರೀಕ್ಷೆ. 12ನೆಯ ಮೆಟ್ಟಿಲಿನ ನೇರದಲ್ಲಿ ತಂತಿಯನ್ನು ಒತ್ತದೆ, ಹಗುರಾಗಿ ಬೆರಳು ತಾಕಿಸಿ ಮೀಟಿದರೆ ತಂತಿಯು ಎರಡು ಸಮಭಾಗಗಳಾಗಿ ಕಂಪಿಸುತ್ತದೆ. ಆ ಸ್ವರವೂ, ಅಲ್ಲಿಯೇ ಒತ್ತಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಕುದುರೆಯ ತಿರುಪನ್ನು ತಿರುಗಿಸಿದಾಗ ಸರಿಹೋದರೆ ಅದು ದೋಷವಲ್ಲ, ಹೊಂದಿಕೆ ಮಾತ್ರ. ತಂತಿಯನ್ನು ಪಕ್ಕಕ್ಕೆಳೆದು ಬಿಟ್ಟರೆ ಶ್ರುತಿ ಮರಳಿ ಬರಬೇಕು. ಬಾರದಿದ್ದರೆ ಬಿರಡೆಗಳು ಸಡಿಲವಾಗಿರಬಹುದು, ಇಲ್ಲವೆ ಬಿರಡೆಗಳ ಬಳಿಯ ಚಿಕ್ಕ ಪಟ್ಟಿಯ ಸೀಳಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿರಬಹುದು.

ಕೊನೆಯದು ಪಿಕಪ್. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಒಂದೇ ಸುರುಳಿಯ ಪಿಕಪ್ ಇದನ್ನೂ ಹಿಡಿದು ಗುಂಯ್‌ಗುಡುತ್ತದೆ; ಇದು ಅದರ ಸ್ವಭಾವ, ಕಳಪೆತನವಲ್ಲ. ಗಿಬ್ಸನ್ ಕಂಪೆನಿಯ ಸೇತ್ ಲವರ್ 1955ರಲ್ಲಿ ರೂಪಿಸಿದ ಜೋಡಿ ಸುರುಳಿಯಲ್ಲಿ ಹೊರಗಿನ ಗುಂಯ್‌ಕಾರವು ಒಂದರಲ್ಲಿ ಕೂಡಿ ಮತ್ತೊಂದರಲ್ಲಿ ಕಳೆದು ಶಮನವಾಗುತ್ತದೆ. ತಂತಿಯ ನಾದ ಮಾತ್ರ ಉಳಿಯುತ್ತದೆ.

ಇಷ್ಟನ್ನು ತಿಳಿದ ಮೇಲೆ ಹೆಸರುಗಳ ಕಡೆ ತಿರುಗೋಣ. ರೇಡಿಯೊ ದುರಸ್ತಿಯವರಾಗಿದ್ದ ಲಿಯೊ ಫೆಂಡರ್ ಅವರ ಸ್ಟ್ರಾಟೊಕ್ಯಾಸ್ಟರ್ 1954ರಲ್ಲಿ ಬಂದಿತು. 1965ರಲ್ಲಿ ಫೆಂಡರ್ ಕಂಪೆನಿಯು ಸಿಬಿಎಸ್ ಎಂಬ ಪ್ರಸಾರಸಂಸ್ಥೆಗೆ ಮಾರಾಟವಾಯಿತು. ಹೆಸರು ಅದೇ ಇದ್ದರೂ ಗುಣ ಇಳಿಯಿತೆಂದು ವಾದಕರು ದೂರಿದರು; 1985ರಲ್ಲಿ ಅಲ್ಲಿಯ ನೌಕರರ ಗುಂಪೇ ಕಂಪೆನಿಯನ್ನು ಕೊಂಡುಕೊಂಡಿತು. ಈ ನಡುವೆ 1982ರಲ್ಲಿ ಫೆಂಡರ್ ಜಪಾನಿನಲ್ಲಿ ‘ಸ್ಕ್ವಾಯರ್’ ಎಂಬ ಕಡಮೆ ಬೆಲೆಯ ಗಿಟಾರುಗಳನ್ನು ಮಾಡಿಸತೊಡಗಿತು. ಆರಂಭದ ಆ ವಾದ್ಯಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಇಂದು ಫೆಂಡರ್ ಹೆಸರಿನವು ಕ್ಯಾಲಿಫೋರ್ನಿಯದಲ್ಲಿಯೂ ಮೆಕ್ಸಿಕೋದಲ್ಲಿಯೂ ತಯಾರಾಗುತ್ತವೆ. ಕೊರಿಯದ ಕಾರ್ಟ್ ಕಂಪೆನಿಯು ತನ್ನ ಹೆಸರಿನ ಗಿಟಾರುಗಳನ್ನಲ್ಲದೆ ಇತರ ಹೆಸರುಗಳವನ್ನೂ ಇಂಡೊನೇಷ್ಯದ ತನ್ನ ಕಾರ್ಖಾನೆಯಲ್ಲಿ ಮಾಡಿಕೊಡುತ್ತದೆ. ಹೀಗೆ ಒಂದು ಹೆಸರಿಗೆ ಹಲವು ಕಾರ್ಖಾನೆ, ಒಂದು ಕಾರ್ಖಾನೆಗೆ ಹಲವು ಹೆಸರು. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ’ ಎಂಬ ಗಾದೆ ನೆನಪಾದರೆ ಆಶ್ಚರ್ಯವಿಲ್ಲ.

ಹೆಸರು ಕಿವಿಯನ್ನೂ ಮರುಳುಮಾಡಬಲ್ಲುದೆಂಬುದಕ್ಕೆ ಪಿಟೀಲಿನ ಒಂದು ಪ್ರಯೋಗ ಸಾಕ್ಷಿ. ಕ್ಲಾಡಿಯ ಫ್ರಿಟ್ಜ್ ಮತ್ತು ಸಂಗಡಿಗರು 21 ಮಂದಿ ಅನುಭವಿಗಳಿಗೆ ಗುರುತು ಕಾಣದಂತೆ ಕನ್ನಡಕ ತೊಡಿಸಿ, ಸ್ಟ್ರಾಡಿವೇರಿಯಸ್ ಮೊದಲಾದ ಹಳೆಯ ಪಿಟೀಲುಗಳನ್ನೂ ಹೊಸವನ್ನೂ ಕೈಗೆ ಕೊಟ್ಟರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮನೆಗೆ ಒಯ್ಯಲು ಹೆಚ್ಚು ಮಂದಿ ಆರಿಸಿದ್ದು ಹೊಸದನ್ನು. ಎಲ್ಲಕ್ಕಿಂತ ಕಡಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿಯಸ್!

ಹಾಗೆಂದು ಹೆಸರು ನಿರರ್ಥಕವೆಂದು ನಾವು ಹೇಳುತ್ತಿಲ್ಲ. ಪ್ರಸಿದ್ಧ ಹೆಸರಿನ ವಾದ್ಯಕ್ಕೆ ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ, ಮರಳಿ ಮಾರುವಾಗ ಹೆಚ್ಚು ಬೆಲೆ ಬರುತ್ತದೆ. ಇದೂ ಒಂದು ಲಾಭವೇ. ಆದರೆ ಈ ಲಾಭ ಒಂದು ಜಾತಿಯ ಸರಕಿಗೆಲ್ಲ ಸೇರಿದ್ದು. ದಂಡಿಯ ನೇರ, ಮೆಟ್ಟಿಲಿನ ಮಟ್ಟ, ಶ್ರುತಿಯ ನಿಲುವು ಕೈಯಲ್ಲಿರುವ ಒಂದೇ ವಾದ್ಯಕ್ಕೆ ಸೇರಿದ್ದು. ಅಂಗಡಿಯಲ್ಲಿ ಒಂದೇ ಮಾದರಿಯ ಮೂರು ಗಿಟಾರುಗಳಿದ್ದರೆ ಮೂರನ್ನೂ ಪರೀಕ್ಷಿಸಿ ಒಂದನ್ನು ಆರಿಸಬೇಕು. ಕೊಂಡ ಹಣದಲ್ಲಿ ಸ್ವಲ್ಪವನ್ನು ಮಿಗಿಸಿ, ಬಲ್ಲ ಕುಶಲಿಗರಿಂದ ಮೆಟ್ಟಿಲು, ಕುದುರೆಗಳನ್ನು ಹೊಂದಿಸಿಕೊಂಡರೆ ಸಾಧಾರಣ ಹೆಸರಿನ ವಾದ್ಯವೂ ಕಲಿಯುವವರಿಗೆ ವರ್ಷಗಟ್ಟಲೆ ನಿಷ್ಠೆಯಿಂದ ನುಡಿಯುತ್ತದೆ.