ಗೊಣ್ಣೆಹುಳ: ಉಳುವ ಹೊತ್ತೇ ಮುಖ್ಯ

ಮಾದನಾಯಕನಹಳ್ಳಿ ಸುತ್ತ ಗೋದಾಮು, ಬಡಾವಣೆಗಳ ನಡುವೆ ಉಳಿದಿರುವ ಹೊಲಗಳಲ್ಲಿ ಒಂದೊಂದು ಗುಂಟೆಯೂ ಬೆಲೆಯುಳ್ಳದ್ದು. ಮಣ್ಣಲ್ಲಿ ತೇವವಿದ್ದರೂ ರಾಗಿ, ಕಡಲೆಕಾಯಿ ಪೈರು ಬಾಡಿ, ಎಳೆದ ಕೂಡಲೇ ಕಿತ್ತು ಬಂದರೆ ಬುಡ ಅಗೆದು ನೋಡಿ. ಬೇರು ಕಡಿದ ಗೊಣ್ಣೆಹುಳ ಅಲ್ಲೇ ಮುದುಡಿ ಮಲಗಿರಬಹುದು. ಉತ್ತರೆ ಇದು ಸಾಯುತ್ತದೆಂಬ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ.

ತಪ್ಪು ಕಲ್ಪನೆ: ಯಾವಾಗ ಉತ್ತರೂ ಹುಳ ಸಾಯುತ್ತದೆ.
ಸತ್ಯ: ಗೊಣ್ಣೆಹುಳ ಹೋಲೋಟ್ರೈಕಿಯಾ ಸೆರ್ರೇಟಾ ಎಂಬ ದುಂಬಿಯ ಮರಿ. ಈ ದುಂಬಿಗೆ ವರ್ಷಕ್ಕೆ ಒಂದೇ ಪೀಳಿಗೆ. ಮುಂಗಾರಿನ ಮೊದಲ ಮಳೆಗಳಿಗೆ ದುಂಬಿ ಹೊರಬಂದು ಮಣ್ಣಲ್ಲಿ ಮೊಟ್ಟೆಯಿಡುತ್ತದೆ. ಮಳೆಗಾಲವಿಡೀ ಮರಿ ಬೇರು ತಿನ್ನುತ್ತದೆ. ಮಳೆ ಹಿಂದಾದ ಮೇಲೆ ಆಳಕ್ಕಿಳಿದು ಕೋಶವಾಗುತ್ತದೆ. ಹಾಗಾಗಿ ಕೊಯ್ಲು ಮುಗಿದೊಡನೆ, ಮಣ್ಣಲ್ಲಿ ಹದ ಇರುವಾಗಲೇ ಆಳವಾಗಿ ಉಳಬೇಕು. ಮೇಲೆ ಬಿದ್ದ ಹುಳ, ಕೋಶಗಳನ್ನು ಬಿಸಿಲು ಒಣಗಿಸುತ್ತದೆ. ನೇಗಿಲ ಹಿಂದೆಯೇ ಬರುವ ಬೆಳ್ಳಕ್ಕಿ, ಗೊರವಂಕ, ಕಾಗೆಗಳು ಆರಿಸಿ ತಿನ್ನುತ್ತವೆ.

ತಪ್ಪು ಕಲ್ಪನೆ: ರೋಟವೇಟರ್ ಹೊಡೆದರೆ ಸಾಕು.
ಸತ್ಯ: ರೋಟವೇಟರ್ ಮೇಲ್ಮಣ್ಣನ್ನಷ್ಟೇ ಪುಡಿ ಮಾಡುತ್ತದೆ. ಅದಕ್ಕೂ ಕೆಳಗಿರುವ ಹುಳಕ್ಕೆ ಏನೂ ಆಗದು. ಇದಕ್ಕೆ ಮಣ್ಣು ಮಗುಚುವ ನೇಗಿಲೇ ಬೇಕು. ಹಾಗೆಂದು ಪದೇ ಪದೇ ಉತ್ತರೆ ಎರೆಹುಳು, ಕೀಟಭಕ್ಷಕ ನೆಲದುಂಬಿಗಳೂ ನಾಶವಾಗುತ್ತವೆ.

ತಪ್ಪು ಕಲ್ಪನೆ: ತಿಪ್ಪೆಯಲ್ಲಿ ಸಿಗುವ ಬಿಳಿ ಹುಳವೆಲ್ಲ ಬೆಳೆಗೆ ಶತ್ರು.
ಸತ್ಯ: ಹುಳವನ್ನು ಸಪಾಟು ನೆಲದ ಮೇಲೆ ಬಿಟ್ಟು ನೋಡಿ. ಅಂಗಾತ ಬಿದ್ದು ಬೆನ್ನ ಮೇಲೆಯೇ ಸರಿದು ಹೋದರೆ ಅದು ಹೂದುಂಬಿಯ ಮರಿ. ಕೊಳೆತ ಕಸ ತಿಂದು ಗೊಬ್ಬರ ಮಾಡುವಂಥದ್ದು. ತಿಪ್ಪೆಯಲ್ಲೇ ಬೆಳೆಯುವ ದಪ್ಪ ಹುಳ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಯಾಗಿರಬಹುದು. ಅದನ್ನು ಆರಿಸಿ ಕೊಲ್ಲಿ.

ತಪ್ಪು ಕಲ್ಪನೆ: ನನ್ನ ಹೊಲ ಉತ್ತರೆ ಹುಳದ ಕಾಟ ತೀರಿತು.
ಸತ್ಯ: ದುಂಬಿ ಬದುವಿನ, ರಸ್ತೆ ಬದಿಯ ಬೇವು, ಜಾಲಿಯ ಎಲೆ ತಿಂದು ಪಕ್ಕದ ಹೊಲಕ್ಕೂ ಹಾರುತ್ತದೆ. ಮೊದಲ ಮಳೆ ಬಿದ್ದ ಸಂಜೆಗಳಲ್ಲಿ, ಕತ್ತಲಾಗುತ್ತಿದ್ದಂತೆ ಕೊಂಬೆ ಅಲ್ಲಾಡಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಅಕ್ಕಪಕ್ಕದವರು ಒಟ್ಟಿಗೆ ಮಾಡಿದರೆ ಮಾತ್ರ ಫಲ. ಮಣ್ಣಲ್ಲಿರುವ ಹುಳ ಕೊಲ್ಲಲು ಮೆಟಾರೈಜಿಯಂ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕಬಹುದು. ಹುಳಕ್ಕೆ ರೋಗ ತರುವ ಸೂಕ್ಷ್ಮ ಜಂತುಗಳ ಪುಡಿಯನ್ನು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ರೂಪಿಸಿದೆ.

ಈ ಸಲ ರಾಗಿ ಕೊಯ್ದ ವಾರವೇ ನೇಗಿಲು ಹೂಡಿ. ಪಕ್ಕದ ಹೊಲದವರಿಗೂ ಹೇಳಿ.