ಹೊಸ ಕಂಪ್ಯೂಟರಿನಲ್ಲಿ ಹಳೆಯ ತಂತ್ರಾಂಶ

ಮನೆಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದರಲ್ಲಿದ್ದ ತಂತ್ರಾಂಶಗಳನ್ನೂ ಅದಕ್ಕೆ ಹಾಕಿಕೊಳ್ಳುವುದು ರೂಢಿ. ಅಂಗಡಿಯ ಲೆಕ್ಕ ಬರೆಯುವ ತಂತ್ರಾಂಶವಿರಬಹುದು, ಮಕ್ಕಳ ಪಾಠದ ಸಿ.ಡಿ. ಇರಬಹುದು. ತೆರೆಯಹೋದೊಡನೆ ಪರದೆಯ ಮೇಲೆ ಒಂದು ಸೂಚನೆ ಮೂಡುತ್ತದೆ: ಇದು ನಡೆಯಲು ಡಾಟ್‌ನೆಟ್ ಫ್ರೇಮ್‌ವರ್ಕ್ 3.5 ಬೇಕು. ವಿಚಾರಿಸಿದರೆ ಕಂಪ್ಯೂಟರಿನಲ್ಲಿ ಆಗಲೇ 4.8 ಇದೆ. ದೊಡ್ಡದಿರುವಾಗ ಚಿಕ್ಕದನ್ನು ಕೇಳುವುದೇಕೆ? ಈ ಪ್ರಶ್ನೆ ನಿಮಗೂ ಬಂದಿರಬಹುದು. ಉತ್ತರ ತಿಳಿಯದೆ, ತಂತ್ರಾಂಶವೇ ಕೆಟ್ಟಿತೆಂದು ಕೈಬಿಟ್ಟವರುಂಟು. ಅದರೊಡನೆ ಹಲವು ವರ್ಷಗಳ ಲೆಕ್ಕವನ್ನೂ ಕಳೆದುಕೊಂಡವರುಂಟು. ಆದುದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ತಂತ್ರಾಂಶ ರಚಿಸುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಪರದೆಯ ಮೇಲೆ ಚೌಕಟ್ಟು ತೆರೆಯುವುದು, ಕಡತ ಓದುವುದು, ದಿನಾಂಕ ಎಣಿಸುವುದು ಮುಂತಾದ ಕೆಲಸಗಳು ಎಲ್ಲ ತಂತ್ರಾಂಶಗಳಿಗೂ ಸಮಾನ. ಇವನ್ನು ನಡೆಸಿಕೊಡುವ ಸಿದ್ಧವಾದ ಭಾಗವೊಂದನ್ನು ಅವರು ಆಶ್ರಯಿಸುತ್ತಾರೆ. ಅದಕ್ಕೆ ರನ್‌ಟೈಮ್ ಎಂದು ಹೆಸರು. ಚಾಲನೆಗೆ ಬೇಕಾದ ಆಧಾರ ಎಂದು ತಿಳಿದರೆ ಸಾಕು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1995ರಲ್ಲಿ ಹೊರತಂದ ಜಾವಾಕ್ಕೂ ಇಂಥ ಆಧಾರವಿದೆ. ಮೈಕ್ರೋಸಾಫ್ಟಿನ ಡಾಟ್‌ನೆಟ್ ಅಂಥದೇ ಇನ್ನೊಂದು. ಪುಸ್ತಕಗಳಂತೆ ಇವೂ ಪರಿಷ್ಕಾರಗೊಂಡು ಹೊಸ ಆವೃತ್ತಿಗಳಾಗಿ ಬರುತ್ತವೆ. 3.5, 4.8 ಎಂಬವು ಆ ಆವೃತ್ತಿಗಳ ಸಂಖ್ಯೆಗಳು.

ಆದರೆ ಎಲ್ಲ ಆವೃತ್ತಿಗಳೂ ಒಂದೇ ವಂಶದವಲ್ಲ. 2005ರ 2.0, ಆಮೇಲಿನ 3.0, 2007ರ 3.5, ಈ ಮೂರೂ ಒಂದೇ ತಳಹದಿಯ ಮೇಲೆ ನಿಂತಿವೆ; 3.5 ಇದ್ದರೆ ಉಳಿದೆರಡೂ ಅದರಲ್ಲಿ ಅಡಕ. 2010ರಲ್ಲಿ ಬಂದ 4.0ಕ್ಕೆ ಬೇರೆ ತಳಹದಿ ಹಾಕಲಾಯಿತು. 2019ರ 4.8 ಈ ಎರಡನೆಯ ವಂಶದ್ದು. ಆದ್ದರಿಂದ 4.5ಕ್ಕಾಗಿ ಬರೆದ ತಂತ್ರಾಂಶ 4.8ರ ಮೇಲೆ ಸಾಮಾನ್ಯವಾಗಿ ನಡೆಯುತ್ತದೆ, 3.5ನ್ನೇ ಬೇಡುವ ತಂತ್ರಾಂಶಕ್ಕೆ ಅದು ಒದಗುವುದಿಲ್ಲ. 2023ರಲ್ಲಿ ಹೊರಬಂದ ಡಾಟ್‌ನೆಟ್ 8 ಮೂರನೆಯ ವಂಶಕ್ಕೆ ಸೇರಿದ್ದು. ಹೆಸರು ಹತ್ತಿರವಾದರೂ 4.8 ಬೇರೆ, 8 ಬೇರೆ.

ಹೊಸಪೇಟೆ ಕಂಪ್ಲಿಗಳ ಕಡೆಯವರಿಗೆ ಇದನ್ನು ಕಾಲುವೆಯ ಮಾತಿನಲ್ಲಿ ಹೇಳಿದರೆ ಸುಲಭವಾಗಿ ಮನಗಾಣುತ್ತದೆ. ವಿಜಯನಗರದ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳು ತುಂಗಭದ್ರಾ ಜಲಾಶಯವಾದ ಮೇಲೆ ಮುಚ್ಚಿಹೋಗಲಿಲ್ಲ. ಅವುಗಳ ಮೂಲದ ಹಳೆಯ ಅಣೆಗಳು ನೀರಿನಲ್ಲಿ ಮುಳುಗಿದರೂ, ಜಲಾಶಯದಿಂದಲೇ ಅವಕ್ಕೆ ನೀರು ಕೊಡುವ ಏರ್ಪಾಡಾಯಿತು. ಅದೇ ಬಲದಂಡೆಯಲ್ಲಿ ಮೇಲ್ಮಟ್ಟದ ಕಾಲುವೆ, ಕೆಳಮಟ್ಟದ ಕಾಲುವೆಗಳು ಹೊಸದಾಗಿ ಆದವು. ಈಗ ಮೇಲ್ಮಟ್ಟದ ಕಾಲುವೆ ತುಂಬಿ ಹರಿದರೂ ಬಸವಣ್ಣ ಕಾಲುವೆಯ ಗದ್ದೆ ನೆನೆಯುವುದೆ? ಆ ಗದ್ದೆಗೆ ಅದರ ತೂಬೇ ತೆರೆಯಬೇಕು. ಹೊಸ ಕಾಲುವೆ ಬಂತೆಂದು ಹಳೆಯದನ್ನು ಹೂಳಬೇಕಾಗಿಲ್ಲ. ಎರಡೂ ಜೊತೆಯಲ್ಲಿ ಹರಿಯಬಹುದು. ಅಂತೆಯೇ 3.5, 4.8 ಎರಡೂ ಒಂದೇ ಕಂಪ್ಯೂಟರಿನಲ್ಲಿ ಜಗಳವಿಲ್ಲದೆ ಇರಬಲ್ಲವು.

ತೂಬು ತೆರೆಯುವ ಬಗೆ ಹೇಗೆ? ವಿಂಡೋಸ್ 10ರಲ್ಲಿಯೂ ವಿಂಡೋಸ್ 11ರ ಹಲವು ಬಿಡುಗಡೆಗಳಲ್ಲಿಯೂ 3.5 ಬೇಕಾದವರು ಚಾಲೂ ಮಾಡಿಕೊಳ್ಳಲೆಂದು ಇಟ್ಟ ಸೌಕರ್ಯ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ ಫೀಚರ್‌ಗಳ ಪಟ್ಟಿ ತೆರೆದು, ಅದರ ಹೆಸರಿನ ಮುಂದೆ ಗುರುತು ಹಾಕಿದರೆ, ಇಂಟರ್ನೆಟ್ಟಿನ ಮೂಲಕ ತಾನೇ ಬಂದು ಸೇರುತ್ತದೆ. ಬೇರೆ ಆಧಾರಗಳನ್ನು ಅವನ್ನು ರಚಿಸಿದ ಸಂಸ್ಥೆಯಿಂದಲೇ ತರಿಸಿಕೊಳ್ಳಿರಿ. ಕಾಣೆಯಾದ ಒಂದು ಕಡತವನ್ನು ಮಾತ್ರ ಬಿಡಿಯಾಗಿ ಕೊಡುತ್ತೇವೆನ್ನುವ ಅಪರಿಚಿತ ತಾಣಗಳಿಗೆ ಹೋಗಬೇಡಿರಿ; ಔಷಧ ತರಲು ಹೋಗಿ ರೋಗ ತಂದಂತಾದೀತು.

ಇನ್ನೊಂದು ತೊಡಕು 32 ಬಿಟ್, 64 ಬಿಟ್ ಎಂಬ ಭೇದ. ಸಾಮಾನ್ಯವಾದ 64 ಬಿಟ್ ಕಂಪ್ಯೂಟರಿನಲ್ಲಿ 32 ಬಿಟ್ ತಂತ್ರಾಂಶ ನಡೆಯುತ್ತದೆ. ಆದರೆ ಅದು ಆಶ್ರಯಿಸಿದ ವಿಷುವಲ್ ಸಿ ಪ್ಲಸ್ ಪ್ಲಸ್ ಆಧಾರವೂ 32 ಬಿಟ್ಟಿನದೇ ಆಗಿರಬೇಕು. ಒಂದೇ ಹೆಸರು ಪಟ್ಟಿಯಲ್ಲಿ ಎರಡು ಬಾರಿ ಕಂಡಿತೆಂದು ಒಂದನ್ನು ಅಳಿಸಿಬಿಡಬೇಡಿರಿ. ಇನ್ನೂ ಹಳೆಯವಾದ 16 ಬಿಟ್ ತಂತ್ರಾಂಶಗಳಿಗೆ ಮಾತ್ರ 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ಎಡೆಯಿಲ್ಲ.

ಕನ್ನಡಿಗರು ಒಂದು ಭೇದವನ್ನು ವಿಶೇಷವಾಗಿ ಅರಿತಿರಬೇಕು. ಕಡತ ತೆರೆಯುತ್ತದೆ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ ಎಂದಾದರೆ, ಅದು ರನ್‌ಟೈಮಿನ ದೋಷವಲ್ಲ. ನುಡಿ, ಬರಹ ತಂತ್ರಾಂಶಗಳ ಹಿಂದಿನ ಫಾಂಟುಗಳಿಗೆ ತಮ್ಮದೇ ಸಂಕೇತಕ್ರಮವಿತ್ತು. ಆ ಫಾಂಟಿಲ್ಲದೆ ಬರವಣಿಗೆ ಓದಿಸಿಕೊಳ್ಳದು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡವನ್ನು ಒಳಗೊಂಡಿರುವ ಯೂನಿಕೋಡಿಗೆ ಅದನ್ನು ಪರಿವರ್ತಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ಹಳೆಯ ಆಧಾರವನ್ನು ಉಳಿಸಿಕೊಳ್ಳಬಹುದಾದರೂ ಅದು ಚಿರಕಾಲದ್ದಲ್ಲ. ಡಾಟ್‌ನೆಟ್ 3.5ಕ್ಕೆ ಮೈಕ್ರೋಸಾಫ್ಟ್ ಕೊಡುವ ಬೆಂಬಲ 2029ರ ಜನವರಿಗೆ ಮುಗಿಯುವುದೆಂದು ಪ್ರಕಟವಾಗಿದೆ. ಬೆಂಬಲ ನಿಂತ ಮೇಲೆ ಹೊಸದಾಗಿ ಕಂಡುಬರುವ ಲೋಪಗಳನ್ನು ತಿದ್ದುವವರಿರುವುದಿಲ್ಲ. ಆದ್ದರಿಂದ ಹಳೆಯ ತಂತ್ರಾಂಶ ಯಾವ ಆವೃತ್ತಿಯನ್ನು ಬೇಡುತ್ತದೆಂಬುದನ್ನು ಬರೆದಿಟ್ಟುಕೊಳ್ಳಿರಿ. ಹೊಸ ಕಂಪ್ಯೂಟರಿನಲ್ಲಿ ಅದು ನಡೆದುದನ್ನು ಕಣ್ಣಾರೆ ಕಂಡ ಮೇಲೆಯೇ ಹಳೆಯ ಕಂಪ್ಯೂಟರನ್ನು ಕೊಟ್ಟುಬಿಡಿರಿ. ತಂತ್ರಾಂಶ ನಡೆಯುತ್ತಿರುವಾಗಲೇ ಮನೆಯ ಲೆಕ್ಕ, ಪತ್ರ, ಬರವಣಿಗೆಗಳ ಪ್ರತಿಯನ್ನು ಎಲ್ಲೆಡೆಯೂ ತೆರೆಯುವ ರೂಪದಲ್ಲಿ ತೆಗೆದಿಡಿರಿ. ತಂತ್ರಾಂಶವನ್ನು ಮತ್ತೆ ಕೊಳ್ಳಬಹುದು. ಹತ್ತು ವರ್ಷ ಕೂತು ಬರೆದ ಲೆಕ್ಕ ಯಾವ ಅಂಗಡಿಯಲ್ಲಿಯೂ ಸಿಗದು.